ಬದಲಾದಷ್ಟನ್ನೇ ಹೊರುವ ಜಾಣ

ಕುಮಾರ ಪಾರ್ಕ್‌ನ ಒಂದು ಮನೆಯನ್ನು ಊಹಿಸಿಕೊಳ್ಳಿ. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಪಿಯುಸಿ ಮಗಳ ಎರಡು ವರ್ಷದ ಟಿಪ್ಪಣಿಗಳಿವೆ, ಪ್ರಾಜೆಕ್ಟ್ ವರದಿಗಳಿವೆ, ಅಜ್ಜನ ಷಷ್ಟ್ಯಬ್ದಿಯ ಫೋಟೊಗಳೂ ಇವೆ. ಹಾರ್ಡ್ ಡಿಸ್ಕ್ ಕೈಕೊಟ್ಟರೆ ಗತಿಯೇನು? ಭಾನುವಾರಕ್ಕೊಮ್ಮೆ ಎಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡುವ ಶ್ರದ್ಧೆ ಮೂರು ವಾರ ನಡೆದೀತು. ನಾಲ್ಕನೆಯ ವಾರ ಬೇಸರ. ಬದಲಾದದ್ದು ನಾಲ್ಕೇ ಕಡತವಾದರೂ ಇಡೀ ಮೂಟೆಯನ್ನೇ ಹೊರಬೇಕಲ್ಲ!

ಈ ಹೊರೆ ಇಳಿಸುವ ತಂತ್ರಾಂಶವೇ ‘ಆರ್‌ಸಿಂಕ್’. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ 1996ರಲ್ಲಿ ಇದನ್ನು ಹೊರತಂದರು. ಇದಕ್ಕೆ ಚಿತ್ರವಿಲ್ಲ, ಗುಂಡಿಯಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲಿನ ಆದೇಶ ಬರೆದರೆ ಮುಗಿಯಿತು. ಎರಡೂ ಕಡೆಯ ಕಡತದ ಗಾತ್ರ ಮತ್ತು ತಿದ್ದಿದ ವೇಳೆಯನ್ನು ಅದು ಹೋಲಿಸುತ್ತದೆ. ಎರಡೂ ಒಂದೇ ಆಗಿದ್ದರೆ ಮುಟ್ಟುವುದಿಲ್ಲ.

ಕಡತ ಜಾಲದ ಮೂಲಕ ಬೇರೆ ಕಂಪ್ಯೂಟರಿಗೆ ಹೋಗಬೇಕಾದಾಗ ಇದರ ನಿಜವಾದ ಜಾಣತನ ಕಾಣುತ್ತದೆ. ಆ ಕಡೆಯ ಯಂತ್ರ ತನ್ನ ಹಳೆಯ ಕಡತವನ್ನು ತುಂಡುಗಳಾಗಿಸಿ, ಪ್ರತಿ ತುಂಡಿಗೂ ಒಂದು ‘ಮೊತ್ತ’ ಲೆಕ್ಕಹಾಕಿ ಕಳಿಸುತ್ತದೆ. ಈ ಕಡೆಯದು ಹೊಸ ಕಡತದ ಮೇಲೆ ಅಷ್ಟೇ ಅಗಲದ ಚೌಕಟ್ಟನ್ನು ಒಂದೊಂದೇ ಬೈಟ್ ಸರಿಸುತ್ತ ಅದೇ ಮೊತ್ತವನ್ನು ಹುಡುಕುತ್ತದೆ. ಸರಿಸಿದಾಗಲೆಲ್ಲ ಮೊದಲಿಂದ ಕೂಡುವ ಕಷ್ಟವಿಲ್ಲ. 4, 7, 2 ಕೂಡಿದರೆ 13. ಮುಂದಿನದು 5 ಆದರೆ 4 ಕಳೆದು 5 ಸೇರಿಸಿದರಾಯಿತು, 14. ನಿಜವಾದ ಲೆಕ್ಕ ಇದಕ್ಕಿಂತ ತುಸು ತೊಡಕಿನದು. ಮೊತ್ತ ಹೊಂದಿದಾಗ ಇನ್ನೊಂದು ಬಿಗಿ ಪರೀಕ್ಷೆಯೂ ಉಂಟು. ಹೊಂದದ ಭಾಗವಷ್ಟೇ ತಂತಿಯಲ್ಲಿ ಸಾಗುತ್ತದೆ.

ಅಪಾಯವಿರುವುದು ‘ಡಿಲೀಟ್’ ಎಂಬ ಆಯ್ಕೆಯಲ್ಲಿ. ಮೂಲದಲ್ಲಿ ಇಲ್ಲದ್ದನ್ನು ನಕಲಿನಿಂದಲೂ ಅದು ಅಳಿಸುತ್ತದೆ. ಆದೇಶದಲ್ಲಿ ಮೂಲ ಮೊದಲು, ಗುರಿ ನಂತರ. ಹೊಸ ಖಾಲಿ ಡಿಸ್ಕನ್ನು ಅಪ್ಪಿತಪ್ಪಿ ಮೊದಲು ಬರೆದರೆ ಎರಡು ವರ್ಷದ ಟಿಪ್ಪಣಿ ಕ್ಷಣದಲ್ಲಿ ಮಾಯ! ಆದ್ದರಿಂದ ಮೊದಲು ‘ಡ್ರೈ ರನ್’ ಆಯ್ಕೆ ಹಾಕಿ ನೋಡಬೇಕು. ಏನೇನು ಮಾಡುವೆನೆಂದು ಯಂತ್ರ ಪಟ್ಟಿ ಕೊಡುತ್ತದೆ, ಮಾಡುವುದಿಲ್ಲ. ವಿಂಡೋಸ್‌ನಲ್ಲಿರುವ ‘ರೋಬೋಕಾಪಿ’ಯ ‘ಮಿರ್’ ಆಯ್ಕೆಗೂ ಇದೇ ಗುಣವಿದೆ. ಅಲ್ಲಿ ಬರಿಯ ಪಟ್ಟಿಗೆ ‘ಎಲ್’ ಅಕ್ಷರ. ಅಳಿಸಿದ್ದನ್ನು ಬೇರೆ ಕಡೆ ಎತ್ತಿಡುವ ‘ಬ್ಯಾಕಪ್’ ಆಯ್ಕೆಯೂ ಆರ್‌ಸಿಂಕ್‌ನಲ್ಲಿದೆ. ಪರೀಕ್ಷೆಯ ತಿಂಗಳಲ್ಲಂತೂ ಅದನ್ನು ಬಿಡಬಾರದು.

ಕನ್ನಡದಲ್ಲಿ ಹೆಸರಿಟ್ಟ ಕಡತಗಳದ್ದು ಇನ್ನೊಂದು ಪೇಚು. ‘ಭೂಗೋಳ’ದ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. 2017ಕ್ಕೆ ಮುಂಚಿನ ಮ್ಯಾಕ್ ಯಂತ್ರಗಳು ತುಂಡಾಗಿಯೇ ಇಟ್ಟುಕೊಳ್ಳುತ್ತಿದ್ದವು, ಲಿನಕ್ಸ್ ಕೊಟ್ಟಂತೆ ಇಟ್ಟುಕೊಳ್ಳುತ್ತದೆ. ಹಾಗಾಗಿ ಅಂಥ ಹಳೆಯ ಮ್ಯಾಕ್‌ನಿಂದ ನಕಲು ಮಾಡಿದರೆ ಒಂದೇ ಕಡತ ಎರಡಾಗಿ ಕುಳಿತುಬಿಡಬಹುದು. ಹೆಸರಿನ ಸಂಕೇತ ಬದಲಿಸಿಕೊಡುವ ‘ಐಕಾನ್ವ್’ ಆಯ್ಕೆ ಇರುವುದು ಇಂಥದ್ದಕ್ಕೇ.