ಕಂಬಕ್ಕೆ ಮೊದಲು ಗೆರೆ: ಗಡಿ ಹಳ್ಳಿಯ ಮನೆಗೆ ಎಂಥ ಬೇಲಿ?

ರಾಯದುರ್ಗ: ಮನೆ ಕಟ್ಟುವಾಗ ಬಾರದ ಜಗಳ ಬೇಲಿ ಹಾಕುವಾಗ ಬರುತ್ತದೆ. ಗೃಹಪ್ರವೇಶಕ್ಕೆ ಬಂದು ಪಾಯಸ ಉಂಡು ಹೋದ ಪಕ್ಕದ ಮನೆಯವರೇ, ಕಲ್ಲುಕಂಬ ಇಳಿಸಿದ ದಿನ ಟೇಪು ಹಿಡಿದು ನಿಲ್ಲುತ್ತಾರೆ. ಕಂಬ, ತಂತಿ, ಕೂಲಿಗೆಲ್ಲ ದುಡ್ಡು ಹೊಂದಿಸಿಕೊಂಡವರು ತಮ್ಮ ಗೆರೆ ಎಲ್ಲಿದೆ ಎಂದು ಮಾತ್ರ ನೋಡಿಕೊಂಡಿರುವುದಿಲ್ಲ. ಕನ್ನಡದಲ್ಲಿ ಬೇಲಿ ಅನ್ನಿ, ತೆಲುಗಿನಲ್ಲಿ ಕಂಚೆ ಅನ್ನಿ, ಮೊದಲ ಕೆಲಸ ಅಳತೆ.

ಅಳತೆಯಲ್ಲಿ ಗಡಿ ಸೀಮೆಯವರಿಗೆ ತೊಡಕು ಒಂದು ಕೈ ಹೆಚ್ಚು. ಆಂಧ್ರದ ಕಡೆ ಲೆಕ್ಕ ಸೆಂಟಿನಲ್ಲಿ, ಕರ್ನಾಟಕದ ಕಡೆ ಗುಂಟೆಯಲ್ಲಿ. ಎಕರೆಗೆ 100 ಸೆಂಟು, ಇಲ್ಲವೇ 40 ಗುಂಟೆ. ಅಂದರೆ ಒಂದು ಗುಂಟೆಗೆ ಎರಡೂವರೆ ಸೆಂಟು. ಗುಂಟೆ 1,089 ಚದರ ಅಡಿ, ಸೆಂಟು 435.6 ಚದರ ಅಡಿ. ಮೊಳಕಾಲ್ಮೂರು ಅಥವಾ ಪಾವಗಡದ ಬೀಗರು 'ಮೂರು ಗುಂಟೆ' ಎಂದದ್ದನ್ನು ಮೂರು ಸೆಂಟು ಎಂದು ತಿಳಿದರೆ ಅರ್ಧಕ್ಕಿಂತ ಹೆಚ್ಚು ಜಾಗ ಲೆಕ್ಕದಲ್ಲೇ ಮಾಯ.

ಹಳೆಯ ಕಾಗದಗಳಲ್ಲೂ ಇಂಥದೇ ಗೊಂದಲ. ರಾಯದುರ್ಗ ತಾಲೂಕು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಅಂದು ಆದೋನಿ, ಆಲೂರುಗಳ ಜೊತೆ ಆಂಧ್ರಕ್ಕೆ ಸೇರಿತು. ಹೀಗಾಗಿ ತಾತನ ಕಾಲದ ಕ್ರಯಪತ್ರದಲ್ಲಿ ಬಳ್ಳಾರಿ ಜಿಲ್ಲೆ ಎಂದಿದ್ದರೆ ಅದು ಸುಳ್ಳು ಕಾಗದವಲ್ಲ. ಮಡಕಶಿರಾದವರ ಹಳೆಯ ಪತ್ರಗಳಲ್ಲಿ ಅನಂತಪುರ ಜಿಲ್ಲೆ ಎಂದಿರುತ್ತದೆ, 2022ರ ಏಪ್ರಿಲ್‌ನಿಂದ ಅವರದು ಶ್ರೀ ಸತ್ಯಸಾಯಿ ಜಿಲ್ಲೆ. ಜಿಲ್ಲೆಯ ಹೆಸರು ಬದಲಾದರೂ ಚಕ್ಕುಬಂದಿ ಬದಲಾಗುವುದಿಲ್ಲ, ಅದನ್ನು ಓದಿಸಿಕೊಳ್ಳಬೇಕು.

ಗೆರೆ ಗೊತ್ತಾಗದಿದ್ದರೆ ಸರ್ವೇಯರ್ ಕರೆಸುವುದೇ ದಾರಿ. ಹದ್ದು ತೋರಿಸಿಕೊಡಿ ಎಂದು ಆಂಧ್ರದಲ್ಲಿ ಕೊಡುವುದು ಎಫ್-ಲೈನ್ ಅರ್ಜಿ, ಕರ್ನಾಟಕದಲ್ಲಿ ಹದ್ದುಬಸ್ತು ಅರ್ಜಿ. ಆದರೆ ಊರೊಳಗಿನ ಹಳೇ ಮನೆಗಳ ಕಥೆ ಬೇರೆ. ಅವು ಗ್ರಾಮಕಂಠದಲ್ಲಿವೆ (ಕರ್ನಾಟಕದವರ ಗ್ರಾಮಠಾಣಾ), ಅಲ್ಲಿ ಮನೆಮನೆಗೆ ಬೇರೆ ಸರ್ವೆ ನಂಬರ್ ಇರಲಿಲ್ಲ. ಕೇಂದ್ರ ಸರ್ಕಾರ 2020ರಲ್ಲಿ ಸ್ವಾಮಿತ್ವ ಯೋಜನೆ ತಂದು ಡ್ರೋನ್ ಹಾರಿಸಿ ಅಳೆಯಲು ಹೊರಟಿದ್ದು ಇದಕ್ಕೇ. ಅಂಥ ಕಡೆ ಎರಡೂ ಮನೆಯವರು ಊರ ನಾಲ್ಕು ಜನರ ಮುಂದೆ ಸುಣ್ಣದ ಗೆರೆ ಎಳೆಸಿ, ಇಬ್ಬರಿಗೂ ಓದಲು ಬರುವ ಲಿಪಿಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳುವುದು ಕ್ಷೇಮ. ಓಬಳಾಪುರಂ ಗಣಿಯ ಬಳಿ ಎರಡು ರಾಜ್ಯಗಳ ಗಡಿ ಗುರುತೇ ಅಳಿಸಿಹೋಗಿ, ವಿವಾದ ಸುಪ್ರೀಂ ಕೋರ್ಟ್ ಮೆಟ್ಟಿಲೇರಿ, ಭಾರತೀಯ ಸರ್ವೇಕ್ಷಣಾ ಇಲಾಖೆ ಬಂದು ಅಳೆಯಬೇಕಾಯಿತು. ಮನೆ ಹಿತ್ತಲಿನ ಕಲ್ಲು ಯಾವ ಲೆಕ್ಕ!

ಕಂಬ ಗೆರೆಯ ಮೇಲಲ್ಲ, ಸ್ವಲ್ಪ ಒಳಕ್ಕೆ ಬರಲಿ. ಗೋಡೆಯಾದರೆ ಪಾಯ ಗೋಡೆಗಿಂತ ಅಗಲ ಎಂಬುದು ನೆನಪಿರಲಿ, ಅದೂ ನಿಮ್ಮ ಜಾಗದಲ್ಲೇ ಇರಬೇಕು. ನೆರೆಯವರು 20 ವರ್ಷ ಬಹಿರಂಗವಾಗಿ, ಹಕ್ಕಿನಿಂದ, ಅಡ್ಡಿಯಿಲ್ಲದೆ ಓಡಾಡಿದ ಕಾಲುದಾರಿಯನ್ನು ಏಕಾಏಕಿ ಮುಚ್ಚಲು 1882ರ ಅನುಭೋಗ ಹಕ್ಕಿನ ಕಾಯ್ದೆ ಬಿಡುವುದಿಲ್ಲ. ರಸ್ತೆ ಬದಿಯ ಗೋಡೆಯಾದರೆ ರಾಯದುರ್ಗದಲ್ಲಿ ಪುರಸಭೆಯನ್ನು, ಹಳ್ಳಿಯಲ್ಲಿ ಪಂಚಾಯಿತಿ ಕಾರ್ಯದರ್ಶಿಯನ್ನು ಮೊದಲೇ ಕೇಳಬೇಕು. ಕಟ್ಟಿದ ಮೇಲೆ ಕೆಡವಿಸಿಕೊಳ್ಳುವ ಖರ್ಚು ಕಟ್ಟಿದವರದೇ.

ಇನ್ನು ಮಣ್ಣು. ಮಡಕಶಿರಾದ ಕೆಮ್ಮಣ್ಣಿನಲ್ಲಿ ಏಳಡಿ ಕಂಬವನ್ನು ಎರಡಡಿ ಹೂತು, ಕಲ್ಲು ತುಂಬಿ ಗುದ್ದಿದರೆ ಅಲುಗುವುದಿಲ್ಲ. ಕಣೇಕಲ್, ಬೊಮ್ಮನಹಾಳ್ ಕಡೆಯ ಎರೆ ಮಣ್ಣು ಹಾಗಲ್ಲ. ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು ಕಂಬವನ್ನು ವಾಲಿಸುತ್ತದೆ. ಅಲ್ಲಿ ಗುಂಡಿ ಇನ್ನೂ ಆಳ ಬೇಕು, ತೆಗೆದ ಎರೆಯನ್ನೇ ಮತ್ತೆ ತುಂಬದೆ ಗರಸು ತುಂಬಬೇಕು. ಮೂಲೆಯ ಕಂಬಕ್ಕೆ ಇನ್ನೊಂದು ಕಂಬವನ್ನು ಓರೆಯಾಗಿ ಆನಿಸದಿದ್ದರೆ ತಂತಿ ಬಿಗಿದ ದಿನವೇ ಅದು ಬಾಗುತ್ತದೆ.

ಬಂಡೆಗೆ ಬರವಿಲ್ಲದ ಸೀಮೆಯಲ್ಲಿ ಕಲ್ಲುಕಂಬಕ್ಕಿಂತ ಒಳ್ಳೆಯದು ಇಲ್ಲ. ಗೆದ್ದಲು ಹಿಡಿಯದು, ತುಕ್ಕು ತಿನ್ನದು. ಹಗರಿ ದಂಡೆಯ ದರ್ಗಾ ಹೊನ್ನೂರಿನಂಥ ಕಡೆ ಮಾತ್ರ ಇನ್ನೊಂದು ವಿಚಾರವಿದೆ. ಮುಂಗಾರಿನ ಗಾಳಿ ಮರಳು ಹೊತ್ತು ತರುವಾಗ ಸಂದಿಲ್ಲದ ಗೋಡೆ ಗಾಳಿಯನ್ನು ಸುಳಿ ತಿರುಗಿಸಿ ಮರಳನ್ನು ಬುಡದಲ್ಲೇ ರಾಶಿ ಹಾಕಿಸುತ್ತದೆ. ಗಾಳಿಯನ್ನು ಸೋಸಿ ಬಿಡುವ ಹಸಿರು ಬೇಲಿಯೇ ಅಲ್ಲಿ ಮೇಲು. ತಂತಿಯ ಬುಡಕ್ಕೆ ಲಕ್ಕಿ, ಕತ್ತಾಳೆ ನೆಟ್ಟರೆ ಮೇಕೆ ಬಾಯಿ ಹಾಕುವುದು ಕಡಿಮೆ, ನೀರೂ ಹೆಚ್ಚು ಬೇಡ. ಜಾಲಿಯನ್ನು ಮಾತ್ರ ನೆಡಬಾರದು. ಕನ್ನಡದವರು ಅದನ್ನು ಬಳ್ಳಾರಿ ಜಾಲಿ ಎಂದು ಬಳ್ಳಾರಿಯ ಮೇಲೆ ಹಾಕುತ್ತಾರೆ, ತೆಲುಗಿನವರು ಸರ್ಕಾರು ತುಮ್ಮ ಎಂದು ಸರ್ಕಾರದ ಮೇಲೆ. ಕಾಯಿ ತಿಂದ ದನ, ಮೇಕೆ ಅದನ್ನು ಇಡೀ ಬೀದಿಗೆ ಬಿತ್ತುತ್ತವೆ.

ಗುಡ್ಡದಂಚಿನ ಮನೆಗಳವರು ಕರಡಿಗೆ ಹೆದರಿ ಬೇಲಿಗೆ ಕಂಬದಿಂದ ನೇರ ಕರೆಂಟು ಕೊಡುವುದುಂಟು. ಅದು ಕರಡಿಗಿಂತ ಮೊದಲು ಮನೆಯ ಮಗುವನ್ನೋ ಪಕ್ಕದವರ ಎಮ್ಮೆಯನ್ನೋ ಕೊಲ್ಲುತ್ತದೆ. ವಿದ್ಯುತ್ ಕಳವಿಗೇ 2003ರ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು ಇದೆ. ಮನುಷ್ಯರು ಸತ್ತರೆ ಕೇಸು ಬೇರೆ, ಕರಡಿ ಸತ್ತರೆ ವನ್ಯಜೀವಿ ಕಾಯ್ದೆ ಬೇರೆ. ಬೇಲಿಯ ಬುಡದಲ್ಲಿ ಪೊದೆ ಬೆಳೆಯಲು ಬಿಡದೆ, ಅಂಗಳದಲ್ಲಿ ಒಂದು ದೀಪ ಉರಿಸಿ, ಶೇಂಗಾ, ಹಲಸು ಹೊರಗೆ ಬಿಡದಿದ್ದರೆ ಅರ್ಧ ತೊಂದರೆ ಕಳೆಯಿತು.

ಕೊನೆಗೆ ಗೇಟು. ಶೇಂಗಾ ಮೂಟೆಯ ಟ್ರ್ಯಾಕ್ಟರ್ ಟ್ರಾಲಿ ಒಳಗೆ ಬರುವ ಮನೆಯಾದರೆ ಹತ್ತು ಹನ್ನೆರಡು ಅಡಿ ಬೇಕು, ಬರೀ ಬೈಕಿಗೆ ನಾಲ್ಕಡಿ ಸಾಕು. ಬಾಗಿಲು ರಸ್ತೆಗೆ ಚಾಚದೆ ಒಳಕ್ಕೆ ತೆರೆಯಲಿ.