ಇಪ್ಪತ್ತೊಂದು ಅಂಕಿಗಳ ಒಂದು ಸಂಖ್ಯೆ

147573952589676412927. ಇಪ್ಪತ್ತೊಂದು ಅಂಕಿಗಳ ಈ ಸಂಖ್ಯೆಯನ್ನು 2⁶⁷ − 1 ಎಂದು ಚಿಕ್ಕದಾಗಿ ಬರೆಯಬಹುದು. ಇದು ಅವಿಭಾಜ್ಯವೇ, ಭಾಜ್ಯವೇ? ಭಾಜ್ಯವಾದರೆ ಇದರ ಅಪವರ್ತನಗಳು ಯಾವುವು? ಮೇಲ್ನೋಟಕ್ಕೆ ಎರಡೂ ಒಂದೇ ಪ್ರಶ್ನೆ ಎನಿಸುತ್ತದೆ. ಆದರೆ ಮೊದಲನೆಯದಕ್ಕೆ ಉತ್ತರ ದೊರೆತ 27 ವರ್ಷಗಳ ನಂತರವಷ್ಟೇ ಎರಡನೆಯದಕ್ಕೆ ಉತ್ತರ ದೊರೆಯಿತು!

ಫ್ರಾನ್ಸಿನ ಪಾದ್ರಿ ಮಾರಿನ್ ಮೆರ್ಸೆನ್ 1644ರಲ್ಲಿ ಒಂದು ಪಟ್ಟಿ ಪ್ರಕಟಿಸಿದರು. 2ರ ಘಾತಸೂಚಿ 2, 3, 5, 7, 13, 17, 19, 31, 67, 127, 257 ಆಗಿದ್ದಾಗ, ಆ ಘಾತದಿಂದ 1 ಕಳೆದರೆ ಅವಿಭಾಜ್ಯ ಸಂಖ್ಯೆ ಬರುತ್ತದೆ ಎಂಬುದು ಅವರ ಹೇಳಿಕೆ. ಪಟ್ಟಿಯಲ್ಲಿ 67 ಇರುವುದನ್ನು ಗಮನಿಸಿ.

1876ರಲ್ಲಿ ಫ್ರಾನ್ಸಿನವರೇ ಆದ ಎದುವಾರ್ ಲ್ಯೂಕಾ, 2⁶⁷ − 1 ಭಾಜ್ಯವೆಂದು ತೋರಿಸಿದರು. ಆದರೆ ಒಂದು ಅಪವರ್ತನವನ್ನೂ ಅವರು ಕೊಡಲಿಲ್ಲ. ಇದು ಹೇಗೆ ಸಾಧ್ಯ? ಅವರ ವಿಧಾನವನ್ನು ಮುಂದೆ ಲೆಹ್ಮರ್ ಸರಳಗೊಳಿಸಿದರು. ಆ ರೂಪದಲ್ಲಿ ಅದನ್ನು ನೋಡೋಣ. 4ರಿಂದ ಆರಂಭಿಸಿ. ಅದರ ವರ್ಗದಿಂದ 2 ಕಳೆಯಿರಿ. ಬಂದದ್ದನ್ನು ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಇಟ್ಟುಕೊಳ್ಳಿ. ಇದನ್ನೇ ಮುಂದುವರಿಸಿ. ಘಾತಸೂಚಿ ಬೆಸ ಅವಿಭಾಜ್ಯವಾಗಿದ್ದು, ಅದಕ್ಕಿಂತ ಒಂದು ಕಡಿಮೆ ಕ್ರಮಾಂಕದ ಪದ ಸೊನ್ನೆಯಾದರೆ ಸಂಖ್ಯೆ ಅವಿಭಾಜ್ಯ, ಇಲ್ಲವಾದರೆ ಭಾಜ್ಯ.

31 = 2⁵ − 1 ಎಂಬುದಕ್ಕೆ ಪದಗಳು 4, 14, 8, 0. ನಾಲ್ಕನೆಯದು ಸೊನ್ನೆ, ಆದ್ದರಿಂದ 31 ಅವಿಭಾಜ್ಯ. 2047 = 2¹¹ − 1 ಎಂಬುದಕ್ಕೆ 4, 14, 194, 788, 701, 119, 1877, 240, 282, 1736. ಹತ್ತನೆಯದು ಸೊನ್ನೆಯಲ್ಲ, ಆದ್ದರಿಂದ 2047 ಭಾಜ್ಯ. ಆದರೆ 2047 = 23 × 89 ಎಂಬ ಸುಳಿವು 1736ರಲ್ಲಿ ಎಲ್ಲಿಯೂ ಇಲ್ಲ!

2⁶⁷ − 1ಕ್ಕೆ ಇಂಥ 65 ಹೆಜ್ಜೆಗಳು ಸಾಕು. ಅಪವರ್ತನ ಹುಡುಕುವುದು ಹೀಗಲ್ಲ. ಇದರ ಪ್ರತಿಯೊಂದು ಅವಿಭಾಜ್ಯ ಅಪವರ್ತನವೂ 134ರ ಅಪವರ್ತ್ಯಕ್ಕಿಂತ 1 ಹೆಚ್ಚಾಗಿರಬೇಕು (134 = 2 × 67). ಈ ನಿಯಮ ಹುಡುಕಾಟವನ್ನು ಬಹಳ ಕಡಿಮೆ ಮಾಡುತ್ತದೆ, ನಿಜ. ಆದರೂ ಚಿಕ್ಕ ಅಪವರ್ತನ 134 × 1445580 + 1. ಒಂದೊಂದಾಗಿ ಭಾಗಿಸುತ್ತ ಹೋದರೆ ಹದಿನಾಲ್ಕು ಲಕ್ಷಕ್ಕೂ ಹೆಚ್ಚು ಸಂಖ್ಯೆಗಳನ್ನು ದಾಟಬೇಕು.

1903ರ ಅಕ್ಟೋಬರ್ 31ರಂದು ಅಮೆರಿಕನ್ ಗಣಿತ ಸಂಘದ ನ್ಯೂಯಾರ್ಕ್ ಸಭೆಯಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಉತ್ತರವನ್ನು ಮುಂದಿಟ್ಟರು:

193707721 × 761838257287

ಕೋಲ್ ಮಾತನಾಡದೆ ಹಲಗೆಯ ಮೇಲೆ ಗುಣಾಕಾರ ಮಾಡಿ ತೋರಿಸಿದರು, ಇದಕ್ಕಾಗಿ ಮೂರು ವರ್ಷಗಳ ಭಾನುವಾರಗಳನ್ನು ವ್ಯಯಿಸಿದ್ದರು ಎಂದು ಇ.ಟಿ. ಬೆಲ್ ಬರೆದಿದ್ದಾರೆ. ಹುಡುಕಲು ವರ್ಷಗಳು ಬೇಕಾದ ಉತ್ತರವನ್ನು ತಾಳೆ ನೋಡಲು ಒಂದು ತರಗತಿಯ ಅವಧಿ ಸಾಕು. ವಿದ್ಯಾರ್ಥಿಗಳು ಮಾಡಿ ನೋಡಲಿ.

ಈ ಅಂತರ ಇಂದಿಗೂ ಉಳಿದಿದೆ. ಯಾವುದೇ ಸಂಖ್ಯೆ ಅವಿಭಾಜ್ಯವೇ ಎಂಬುದನ್ನು ಅಂಕಿಗಳ ಸಂಖ್ಯೆಗೆ ಹೋಲಿಸಿದರೆ ಮಿತವಾದ ಹೆಜ್ಜೆಗಳಲ್ಲಿ ಖಚಿತವಾಗಿ ತಿಳಿಯಬಹುದೆಂದು ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ 2002ರಲ್ಲಿ ತೋರಿಸಿದರು. ಅಪವರ್ತಿಸಲು ಸಾಮಾನ್ಯ ಗಣಕಗಳಿಗೆ ಅಂಥ ವಿಧಾನ ಸಿಕ್ಕಿಲ್ಲ. 2020ರಲ್ಲಿ 250 ಅಂಕಿಗಳ ಒಂದು ಸಂಖ್ಯೆಯನ್ನು ಅಪವರ್ತಿಸಲು ಆದ ಕೆಲಸವನ್ನು ಗಣಕದ ಒಂದೇ ಕೋರ್‌ಗೆ ವಹಿಸಿದ್ದರೆ ಸುಮಾರು 2700 ವರ್ಷ ಹಿಡಿಯುತ್ತಿತ್ತು. 1977ರಲ್ಲಿ ರೂಪುಗೊಂಡ ಆರ್‌ಎಸ್‌ಎ ಗೂಢಲಿಪಿಯ ಭದ್ರತೆ ನಿಂತಿರುವುದು ಈ ಕಷ್ಟದ ಮೇಲೆಯೇ.