ಒಂದೆಲೆ ಸಾಕು, ಗಿಡ ಉಳಿಯುತ್ತದೆ

ಹುತ್ರಿದುರ್ಗದ ಬುಡದಲ್ಲಿರುವ ನಮ್ಮ ಮನೆಯ ಜಗುಲಿಯಲ್ಲಿ ನನ್ನ ತಾಯಿಯವರು ಸಾಕಿದ್ದ ಬಿಗೋನಿಯಾ ಕುಂಡವೊಂದಿತ್ತು. ಅವರು ತೀರಿಕೊಂಡ ವರ್ಷದ ಮಳೆಗಾಲದಲ್ಲಿ ಅದರ ಬುಡ ಕೊಳೆಯಿತು. ಉಳಿದದ್ದು ಎರಡೇ ಎಲೆ. ಒಂದನ್ನು ಮಣ್ಣಿಗೆ ಚುಚ್ಚಿ ದಿನಕ್ಕೆರಡು ಬಾರಿ ನೀರು ಹಾಕಿದೆ. ವಾರದೊಳಗೆ ಅದೂ ಕೊಳೆತುಹೋಯಿತು. ಇನ್ನೊಂದೆಲೆಯಿಂದ ಇಂದು ಆರು ಕುಂಡಗಳಾಗಿವೆ. ಆ ಅನುಭವವನ್ನು ಸದಸ್ಯ ಬಾಂಧವರ ಹಾಗೂ ಅವರ ಮನೆಯವರ ಮುಂದಿಡುತ್ತಿದ್ದೇನೆ.

ಎಲೆಯಿಂದ ಗಿಡವಾಗುವುದು ನಮಗೆ ಹೊಸದಲ್ಲ. ಕಾಡುಬಸಳೆಯ ಎಲೆ ನೆಲಕ್ಕೆ ಬಿದ್ದರೆ ಅಂಚಿನಲ್ಲಿ ಮರಿಗಳೇಳುವುದನ್ನು ಕಂಡಿದ್ದೇವೆ. ಬಿಗೋನಿಯಾ ಮತ್ತು ಆಫ್ರಿಕನ್ ವಯೊಲೆಟ್ ಎಲೆಗಳಿಗೂ ಈ ಶಕ್ತಿಯುಂಟು.

ಬಿಗೋನಿಯಾಕ್ಕೆ ಬಲಿತ, ಆದರೆ ಹಣ್ಣಾಗದ ಎಲೆಯನ್ನು ಆರಿಸಿ. ಅಡಿಯ ದಪ್ಪ ನರಗಳನ್ನು ಹೊಸ ಬ್ಲೇಡಿನಿಂದ ನಾಲ್ಕೈದು ಕಡೆ ಕೊಯ್ಯಿರಿ. ತಳ ತೂತಾದ ಅಗಲ ಕುಂಡಕ್ಕೆ ತೊಳೆದ ಮರಳು, ತೆಂಗಿನ ನಾರಿನ ಪುಡಿ ಸಮನಾಗಿ ಬೆರೆಸಿ ತುಂಬಿ. ಕೊಯ್ದ ಮಗ್ಗುಲು ಕೆಳಗಾಗುವಂತೆ ಎಲೆಯನ್ನು ಹಾಸಿ, ಮೇಲೇಳದಂತೆ ಸಣ್ಣ ಕಲ್ಲುಗಳನ್ನಿಡಿ. ತೂತು ಮಾಡಿದ ಪ್ಲಾಸ್ಟಿಕ್ ಚೀಲ ಮುಚ್ಚಿ ನೆರಳಿನಲ್ಲಿರಿಸಿ. ಮಿಶ್ರಣವನ್ನು ಹಿಂಡಿದರೆ ಕೈಗೆ ತಂಪಾಗಬೇಕು, ನೀರು ತೊಟ್ಟಿಕ್ಕಬಾರದು. ನಾನು ತಪ್ಪಿದ್ದು ಇಲ್ಲಿಯೇ. 3-4 ವಾರಗಳಲ್ಲಿ ಬೇರು, ಸುಮಾರು 2 ತಿಂಗಳಿಗೆ ಕೊಯ್ದ ಕಡೆಯಲ್ಲೆಲ್ಲ ಮರಿಗಳು ಕಾಣುತ್ತವೆ.

ವಯೊಲೆಟ್ ಎಲೆಯನ್ನು ಒಂದಂಗುಲ ತೊಟ್ಟಿನೊಡನೆ ಓರೆಯಾಗಿ ಕತ್ತರಿಸಿ ಚುಚ್ಚಿದರೆ ಸಾಕು. ತೊಟ್ಟಿನ ಬುಡದಲ್ಲಿ ಮರಿಗಳೇಳುತ್ತವೆ.

ಒಂದು ಎಚ್ಚರಿಕೆ. ಬೇರು ಬಂದ ಮಾತ್ರಕ್ಕೆ ಗಿಡವಾಗದು. ಅಲಂಕಾರದ ರಬ್ಬರ್ ಗಿಡದ ಬರಿಯ ಎಲೆ ಬೇರು ಬಿಟ್ಟರೂ ಚಿಗುರದೆ ಹಾಗೆಯೇ ನಿಲ್ಲುತ್ತದೆ. ಕಣ್ಣಿಲ್ಲದ ಎಲೆ ಅದು. ಮೆಣಸಿನ ಬಳ್ಳಿಗೂ ರೊಬಸ್ಟಾ ಕಡ್ಡಿಗೂ ನಾವು ಗಿಣ್ಣು ಬೇಕೆನ್ನುವುದು ಈ ಕಣ್ಣಿಗಾಗಿಯೇ. ಅಡಿಕೆಗಂತೂ ಕಡ್ಡಿಯೂ ಇಲ್ಲ, ಎಲೆಯೂ ಆಗದು. ತೋಟಗಾರನಿಗೆ ಬೀಜವೊಂದೇ ದಾರಿ. ಬೀಜದ ಸಸಿ ತಾಯಿಮರದಂತೆಯೇ ಬರುವುದೆಂಬ ಭರವಸೆಯಿಲ್ಲ. ಬಿಗೋನಿಯಾ ಎಲೆಯಿಂದೆದ್ದ ಮರಿಯಾದರೋ ಸಾಮಾನ್ಯವಾಗಿ ತಾಯಿಗಿಡವೇ.

ಆದ್ದರಿಂದ ನಮ್ಮ ಜಗುಲಿಯಲ್ಲಿರುವುದು ಅಮ್ಮ ಸಾಕಿದ ಅದೇ ಗಿಡ. ಆರರಲ್ಲಿ ಎರಡನ್ನು ತಂಗಿಯ ಮನೆಗೆ ಕಳುಹಿಸಿದ್ದೇನೆ. ತಮ್ಮ ಮನೆಯಲ್ಲಿ ಹಿರಿಯರು ನೆಟ್ಟ ಇಂಥ ಗಿಡವಿದ್ದರೆ ಬುಡ ಕೊಳೆಯುವವರೆಗೆ ಕಾಯಬೇಡಿ. ಗಿಡ ಚೆನ್ನಾಗಿರುವಾಗಲೇ ನೆರೆಮನೆಗೊಂದು ಎಲೆ ಕೊಟ್ಟಿಡಿ. ಕಳೆದುಕೊಂಡ ದಿನ ಅಲ್ಲಿಂದ ಮರಳಿ ತರಬಹುದು.